ಉಪ್ಪಿನಕಾಯಿ ಮಾರುವ ವೆಬ್‌ಸೈಟಿಗೆ ಯಾವ ಪೇಮೆಂಟ್ ಗೇಟ್‌ವೇ? ಮೂರು ಕಡೆ ಕೇಳಿದೆ, ಮೂವರದ್ದೂ ಬೇರೆ ಬೇರೆ ಲೆಕ್ಕ

ಮಿಡಿ_ಭರಣಿ (ಶಿರಸಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನಾವು ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡೆದೇವು ಮಾಡಿ ಮಾರುತ್ತೇವೆ. ನಾನು, ನಮ್ಮ ಅತ್ತೆ, ಕೆಲಸಕ್ಕೆ ಇಬ್ಬರು. ಆರು ವರ್ಷದಿಂದ ಎಲ್ಲ ವಾಟ್ಸಾಪ್‌ನಲ್ಲೇ ನಡೆಯುತ್ತಿದೆ. ಗಿರಾಕಿಗಳು ಮೆಸೇಜ್ ಹಾಕುತ್ತಾರೆ, ನಾನು ನನ್ನ ನಂಬರ್ ಕೊಡುತ್ತೇನೆ, ಅವರು ಫೋನ್‌ಪೇಯೋ ಗೂಗಲ್‌ಪೇಯೋ ಮಾಡಿ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ರಾತ್ರಿ ಊಟ ಆದ ಮೇಲೆ ನೋಟ್‌ಬುಕ್ ಹಿಡಿದು ಕೂತರೆ ಯಾವ ದುಡ್ಡು ಯಾರದ್ದು ಅಂತ ಹೊಂದಿಸುವುದೇ ಒಂದು ಕೆಲಸ. ಆರ್ಡರ್ ಹಾಕಿದ್ದು ಹೆಂಡತಿ, ದುಡ್ಡು ಬಂದಿದ್ದು ಗಂಡನ ಹೆಸರಲ್ಲಿ, ಪಾರ್ಸೆಲ್ ಹೋಗಬೇಕಾದ್ದು ಅವರ ತವರುಮನೆಗೆ! ಹೋದ ತಿಂಗಳು ಒಬ್ಬರ 1,840 ರೂಪಾಯಿಯ ಸ್ಕ್ರೀನ್‌ಶಾಟ್ ನಂಬಿ ನಾಲ್ಕು ಬಾಟಲಿ ಕಳಿಸಿದೆ. ರಾತ್ರಿ ನೋಡಿದರೆ ದುಡ್ಡೇ ಬಂದಿಲ್ಲ. ಚಿತ್ರವೇ ಸುಳ್ಳು. ಆ ನಂಬರ್ ಈಗ ಸ್ವಿಚ್ ಆಫ್.

ಅಕ್ಕನ ಮಗ ವೂಕಾಮರ್ಸ್‌ನಲ್ಲಿ (ಆನ್‌ಲೈನ್ ಅಂಗಡಿ ಕಟ್ಟುವ ಸಾಫ್ಟ್‌ವೇರ್) ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದಾನೆ. ಚೆನ್ನಾಗಿಯೇ ಇದೆ. ಆದರೆ ಪೇಮೆಂಟ್ ಹಾಕುವ ಮೊದಲೇ ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಹೋದ. ಈಗ ಪೇಮೆಂಟ್ ಗೇಟ್‌ವೇ, ಅಂದರೆ ಸೈಟ್‌ನಲ್ಲಿ ಗಿರಾಕಿ ಕೊಟ್ಟ ದುಡ್ಡನ್ನು ನಮ್ಮ ಖಾತೆಗೆ ಮುಟ್ಟಿಸುವ ಸೇವೆ, ಕೊಡುವ ಮೂರು ಕಂಪನಿಗಳನ್ನು ಕೇಳಿದ್ದೇನೆ. ಒಬ್ಬರು ಎಲ್ಲದಕ್ಕೂ 2 ಪರ್ಸೆಂಟ್ ಅನ್ನುತ್ತಾರೆ. ಇನ್ನೊಬ್ಬರು ಯುಪಿಐಗೆ ಏನೂ ಇಲ್ಲ, ಕಾರ್ಡಿಗೆ 2 ಪರ್ಸೆಂಟ್ ಅನ್ನುತ್ತಾರೆ. ಮೂರನೆಯವರು 1.75 ಅಂದರು, ಆದರೆ ವರ್ಷಕ್ಕೆ ಒಂದು ಶುಲ್ಕ ಬೇರೆ.

ತಿಂಗಳಿಗೆ ಸುಮಾರು 180 ಆರ್ಡರ್. ಒಂದೊಂದು 700 ರೂಪಾಯಿ ಆಸುಪಾಸು. ಅರ್ಧ ಬೆಂಗಳೂರು, ಉಳಿದದ್ದು ಮೈಸೂರು, ಮುಂಬೈ, ಪುಣೆ. ಹೊರದೇಶದಿಂದಲೂ ನಾಲ್ಕೈದು ಜನ ಕೇಳುತ್ತಾರೆ. ಯಾವುದನ್ನು ಹಿಡಿಯಲಿ?

ಚೌಕಾಸಿ_ಚಿಕ್ಕಪ್ಪ

ಸುಮ್ನೆ ಯಾಕೆ ಗೇಟ್‌ವೇ ಅಂತ ದುಡ್ಡು ಸುರಿಯುತ್ತೀರಿ? ವೆಬ್‌ಸೈಟ್‌ನಲ್ಲಿ ನಿಮ್ಮ ಕ್ಯೂಆರ್ ಚಿತ್ರ ಹಾಕಿ. ಸ್ಕ್ಯಾನ್ ಮಾಡುತ್ತಾರೆ, ದುಡ್ಡು ಬರುತ್ತದೆ. ಒಂದು ಪೈಸೆ ಖರ್ಚಿಲ್ಲ. ನನ್ನ ಸ್ಟೇಷನರಿ ಅಂಗಡಿಯಲ್ಲಿ ಎಂಟು ವರ್ಷದಿಂದ ಹಾಗೇ ನಡೆದಿದೆ.

ಕೋಡ್‌ಬಳೆ (ಬೆಂಗಳೂರು, ಸೈಟ್ ಮಾಡಿಕೊಡುವುದೇ ಕಸುಬು)

ಚಿಕ್ಕಪ್ಪ, ಅಂಗಡಿಯಲ್ಲಿ ನಡೆಯುತ್ತದೆ. ಗಿರಾಕಿ ಎದುರಿಗೇ ನಿಂತಿರುತ್ತಾನೆ, ಸೌಂಡ್‌ಬಾಕ್ಸ್ ಕೂಗುತ್ತದೆ, ನೀವು ಪೆನ್ನು ಕೊಡುತ್ತೀರಿ. ವೆಬ್‌ಸೈಟ್‌ನಲ್ಲಿ ಕೂಗುವವರು ಯಾರು? ಕ್ಯೂಆರ್ ಚಿತ್ರಕ್ಕೂ ಆರ್ಡರ್ ನಂಬರಿಗೂ ಸಂಬಂಧವೇ ಇರುವುದಿಲ್ಲ. ಅಕ್ಕ ಮತ್ತೆ ರಾತ್ರಿ ನೋಟ್‌ಬುಕ್ ಹಿಡಿದು ಕೂರಬೇಕು. ಈಗ ಇರುವ ತಲೆನೋವನ್ನೇ ವೆಬ್‌ಸೈಟಿಗೆ ಸಾಗಿಸಿದ ಹಾಗೆ ಅಷ್ಟೇ.

ಅದೂ ಅಲ್ಲದೆ ಎಲ್ಲರೂ ಮೊಬೈಲ್‌ನಲ್ಲೇ ನೋಡುವುದು. ಮೊಬೈಲ್ ಪರದೆ ಮೇಲಿರುವ ಕ್ಯೂಆರನ್ನು ಅದೇ ಮೊಬೈಲ್‌ನಿಂದ ಸ್ಕ್ಯಾನ್ ಮಾಡುವುದು ಹೇಗೆ? ಸ್ಕ್ರೀನ್‌ಶಾಟ್ ತೆಗೆದು, ಆ್ಯಪ್‌ಗೆ ಹೋಗಿ, ಗ್ಯಾಲರಿಯಿಂದ ಆರಿಸಿ... ಅಷ್ಟರಲ್ಲಿ ಉಪ್ಪಿನಕಾಯಿ ಆಸೆಯೇ ಹೋಗಿರುತ್ತದೆ.

ಗೇಟ್‌ವೇ ಮಾಡುವ ಮುಖ್ಯ ಕೆಲಸ ದುಡ್ಡು ತೆಗೆದುಕೊಳ್ಳುವುದಲ್ಲ, ಅದನ್ನು ಯುಪಿಐ ತಾನೇ ಮಾಡುತ್ತದೆ. ಈ ದುಡ್ಡು ಈ ಆರ್ಡರಿನದ್ದು ಅಂತ ನಿಮ್ಮ ಸೈಟಿಗೆ ಖಚಿತವಾಗಿ ಹೇಳುವುದಿದೆಯಲ್ಲ, ಅದೇ ಅವರ ಕೆಲಸ. ಹಾಗಾಗಿ ಅಕ್ಕ, ಪರ್ಸೆಂಟ್ ಆಮೇಲೆ ನೋಡೋಣ. ಮೊದಲು ಎರಡು ಪ್ರಶ್ನೆ ಕೇಳಿ. ದುಡ್ಡು ಮಧ್ಯದಲ್ಲಿ ಸಿಕ್ಕಿಕೊಂಡರೆ ಏನಾಗುತ್ತದೆ? ಆಗ ಫೋನ್ ಎತ್ತುವವರು ಯಾರು?

ಚೌಕಾಸಿ_ಚಿಕ್ಕಪ್ಪ

ಸರಿ ಒಪ್ಪಿದೆ. ಆದರೂ 2 ಪರ್ಸೆಂಟ್ ಜಾಸ್ತಿಯೇ. ಯುಪಿಐಗೆ ಚಾರ್ಜ್ ಇಲ್ಲ ಅಂತ ಸರ್ಕಾರವೇ ಹೇಳಿದೆ, ಇವರು ಯಾರು ಕೇಳಲಿಕ್ಕೆ?

ಜಮಾಖರ್ಚು (ಹುಬ್ಬಳ್ಳಿ, ಲೆಕ್ಕಪತ್ರದ ಕೆಲಸ)

ಇದರಲ್ಲಿ ಬಹಳ ಜನ ಮೋಸ ಹೋಗುತ್ತಾರ್ರೀ, ಬಿಡಿಸಿ ಹೇಳುತ್ತೇನೆ. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ಎಂಡಿಆರ್ ಸೊನ್ನೆ. ಎಂಡಿಆರ್ ಅಂದರೆ ಬ್ಯಾಂಕಿನವರು ವ್ಯಾಪಾರಿಯಿಂದ ಹಿಡಿಯುವ ಕಮಿಷನ್. ಅದು ನಿಜ. ಆದರೆ ಎಷ್ಟೋ ಗೇಟ್‌ವೇ ಕಂಪನಿಗಳು 'ಪ್ಲಾಟ್‌ಫಾರ್ಮ್ ಫೀ' ಅಂತ ಬೇರೆ ಹೆಸರಲ್ಲಿ ಯುಪಿಐಗೂ ಹಿಡಿಯುತ್ತವೆ. ಡ್ಯಾಶ್‌ಬೋರ್ಡು, ಸಾಫ್ಟ್‌ವೇರು, ಸಪೋರ್ಟು ಕೊಡುತ್ತೇವೆ, ಅದರ ಫೀ ಅನ್ನುತ್ತಾರೆ. ಅಕ್ಕಾರಿಗೆ ಮೊದಲನೆಯವರು ಹೇಳಿದ 'ಎಲ್ಲದಕ್ಕೂ 2' ಅನ್ನುವುದು ಅದೇ.

ನಿಮ್ಮದೇ ಲೆಕ್ಕ ಹಾಕೋಣ. 180 ಆರ್ಡರ್, 700 ರೂಪಾಯಿ. ತಿಂಗಳಿಗೆ 1,26,000. ಫೀ 2 ಪರ್ಸೆಂಟ್, ಆ ಫೀ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 2.36. ಎಲ್ಲದಕ್ಕೂ ಹಿಡಿದರೆ ತಿಂಗಳಿಗೆ 2,974 ರೂಪಾಯಿ ಹೋಗುತ್ತದೆ. ಹತ್ತರಲ್ಲಿ ಒಂಬತ್ತು ಆರ್ಡರ್ ಯುಪಿಐನಲ್ಲಿ ಬಂದು ಅದಕ್ಕೆ ಫೀ ಇಲ್ಲ ಅಂತಾದರೆ, ಉಳಿದ 12,600ಕ್ಕೆ ಮಾತ್ರ ಫೀ. ಬರೀ 297 ರೂಪಾಯಿ. 'ಎರಡು' ಅನ್ನುವ ಒಂದೇ ಅಂಕಿ, ಎರಡು ಕಡೆ ಹತ್ತು ಪಟ್ಟು ವ್ಯತ್ಯಾಸ ನೋಡ್ರಿ.

ಮೂರನೆಯವರ 1.75 ಕೇಳಲಿಕ್ಕೆ ಚೆಂದ. ಅದು ಯುಪಿಐಗೂ ಸೇರಿದೆಯಾ ಅಂತ ಕೇಳಿ. ಸೇರಿದ್ದರೆ, ವರ್ಷದ ಶುಲ್ಕವೂ ಕೂಡಿ ಅದೇ ಎಲ್ಲಕ್ಕಿಂತ ದುಬಾರಿ ಆಗಬಹುದು. ಬಾಯಿಮಾತು ನಂಬಬೇಡಿ. ಮೇಲ್‌ನಲ್ಲಿ ಬರೆಸಿಕೊಳ್ಳಿ. ಯುಪಿಐ ಎಷ್ಟು, ಡೆಬಿಟ್ ಎಷ್ಟು, ಕ್ರೆಡಿಟ್ ಎಷ್ಟು, ಯುಪಿಐ ಮೂಲಕ ಬರುವ ರುಪೇ ಕ್ರೆಡಿಟ್ ಕಾರ್ಡಿಗೆ ಎಷ್ಟು. ಈ ಕೊನೆಯದು ಯಾರಿಗೂ ನೆನಪಾಗುವುದಿಲ್ಲ. ಗಿರಾಕಿ ಯುಪಿಐ ಆ್ಯಪ್‌ನಲ್ಲೇ ಕೊಟ್ಟಿರುತ್ತಾನೆ, ಹಿಂದೆ ಇರುವುದು ಕ್ರೆಡಿಟ್ ಕಾರ್ಡು, ಅದಕ್ಕೆ ಸೊನ್ನೆ ನಿಯಮ ಪೂರ್ತಿ ಅನ್ವಯಿಸುವುದಿಲ್ಲ.

ಇನ್ನೊಂದು ಮಾತು. ಗಿರಾಕಿಗೆ ದುಡ್ಡು ವಾಪಸ್ ಮಾಡಿದರೂ ನೀವು ಕೊಟ್ಟ ಫೀ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಮಿಡಿ_ಭರಣಿ

ಅಯ್ಯೋ, ಹತ್ತು ಪಟ್ಟು ಅಂತ ನನಗೆ ಗೊತ್ತೇ ಇರಲಿಲ್ಲ. ಧನ್ಯವಾದ ಸರ್. ಇನ್ನೊಂದು ಕೇಳಬೇಕು. ಅವರು ಜಿಎಸ್‌ಟಿ ನಂಬರ್ ಕೇಳಿದರು. ನಮಗೆ ಇಲ್ಲ. ನಮ್ಮದು ವರ್ಷಕ್ಕೆ 15 ಲಕ್ಷ ಆಗಬಹುದು ಅಷ್ಟೇ. 40 ಲಕ್ಷದವರೆಗೆ ಬೇಡ ಅಲ್ವಾ?

ಜಮಾಖರ್ಚು

ಇದನ್ನೇ ಕೇಳುತ್ತೀರಿ ಅಂದುಕೊಂಡಿದ್ದೆ. ಸರಕು ಮಾರುವವರಿಗೆ 40 ಲಕ್ಷ, ಸೇವೆಗೆ 20 ಲಕ್ಷ. ನಿಜ. ಆದರೆ ಆ ಮಿತಿ ರಾಜ್ಯದ ಒಳಗೆ ಮಾರುವವರಿಗೆ. ನೀವು ಮುಂಬೈ, ಪುಣೆಗೆ ಕಳಿಸುತ್ತಿದ್ದೀರಿ. ತೆರಿಗೆ ಇರುವ ಸರಕನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಿದರೆ ವಹಿವಾಟು ಎಷ್ಟೇ ಇರಲಿ, ನೋಂದಣಿ ಕಡ್ಡಾಯ. ಕಾಂಪೊಸಿಷನ್ ಸ್ಕೀಮ್‌ಗೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಸುಲಭ ಪದ್ಧತಿ) ಹೋಗುತ್ತೇನೆ ಅಂದರೂ ಆಗುವುದಿಲ್ಲ, ಅದರಲ್ಲಿದ್ದವರು ಬೇರೆ ರಾಜ್ಯಕ್ಕೆ ಸರಕು ಮಾರುವ ಹಾಗಿಲ್ಲ. ತಮಾಷೆ ಏನಂದರೆ ಹಪ್ಪಳಕ್ಕೆ ಜಿಎಸ್‌ಟಿಯೇ ಇಲ್ಲ. ಬರೀ ಹಪ್ಪಳ ಮಾರಿದ್ದರೆ ಈ ಯಾವ ತಂಟೆಯೂ ಇರುತ್ತಿರಲಿಲ್ಲ. ಉಪ್ಪಿನಕಾಯಿ ಸೇರಿದ್ದರಿಂದ ಬಂತು!

ಹೆದರಬೇಡಿ, ಆದರೆ ಮುಂದೂಡಬೇಡಿ. ಇಷ್ಟು ದಿನದ್ದು ಏನು ಮಾಡುವುದು ಅಂತ ನಿಮ್ಮ ಊರಿನ ಒಬ್ಬ ಆಡಿಟರ್ ಹತ್ತಿರ ಪುಸ್ತಕ ತೆಗೆದುಕೊಂಡು ಹೋಗಿ ಕೂತು ಮಾತಾಡಿ. ನೋಂದಣಿ ಆದ ಮೇಲೆ ಗೇಟ್‌ವೇ ಫೀ ಮೇಲಿನ 18 ಪರ್ಸೆಂಟನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು, ತೆಗೆದುಕೊಳ್ಳಬಹುದು, ಅದೊಂದು ಲಾಭ.

ಮತ್ತೆ ದಯವಿಟ್ಟು ಸ್ವಂತ ಸೇವಿಂಗ್ಸ್ ಖಾತೆಯಲ್ಲಿ ವ್ಯಾಪಾರದ ದುಡ್ಡು ಬೇಡ. 2025ರ ಜುಲೈ ನೆನಪಿದೆಯಲ್ಲ? ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಮುಂದೆಲ್ಲ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅನ್ನುವ ಚೀಟಿ. ಆಗ ನಮ್ಮ ಹತ್ತಿರ ಬಂದ ಜನರ ದೊಡ್ಡ ಕಷ್ಟ ತೆರಿಗೆಯದ್ದಲ್ಲ. ಖಾತೆಗೆ ಬಂದ ದುಡ್ಡಿನಲ್ಲಿ ವ್ಯಾಪಾರದ್ದು ಯಾವುದು, ತಮ್ಮ ವಾಪಸ್ ಕೊಟ್ಟ ಸಾಲ ಯಾವುದು, ಚೀಟಿ ದುಡ್ಡು ಯಾವುದು ಅಂತ ಅವರಿಗೇ ಹೇಳಲು ಬರುತ್ತಿರಲಿಲ್ಲ. ಒಂದು ಕರೆಂಟ್ ಅಕೌಂಟ್ ಮಾಡಿಸಿ.

ಚೌಕಾಸಿ_ಚಿಕ್ಕಪ್ಪ

ನಾನೂ ಆಗ ಆ ಚೀಟಿ ಅಂಟಿಸಿದ್ದೆ. ನಾಲ್ಕು ದಿನಕ್ಕೆ ತೆಗೆದೆ. ಕಾಲೇಜು ಹುಡುಗರ ಹತ್ತಿರ ಕ್ಯಾಶೇ ಇರುವುದಿಲ್ಲ ಮಾರಾಯರೇ.

ಇಳಕಲ್_ಸೆರಗು

ನಾನು ಇಳಕಲ್ ಸೀರೆ ಮಾರುತ್ತೇನೆ, ನಾಲ್ಕು ವರ್ಷದಿಂದ ವೆಬ್‌ಸೈಟ್ ಇದೆ. ನನ್ನ ಅನುಭವ ಹೇಳುತ್ತೇನೆ. ಕಂಪನಿ ಹೆಸರು ಬೇಡ.

ನಾನೂ ನಿಮ್ಮ ಹಾಗೇ ಪರ್ಸೆಂಟ್ ನೋಡಿಯೇ ಆರಿಸಿದ್ದೆ. ಎಲ್ಲರಿಗಿಂತ ಕಡಿಮೆ ಹೇಳಿದವರನ್ನು ಹಿಡಿದೆ. ಎಂಟು ತಿಂಗಳು ಚೆನ್ನಾಗಿ ನಡೆಯಿತು. ದೀಪಾವಳಿ ಬಂತು. ದಿನಕ್ಕೆ ನಾಲ್ಕೈದು ಸೀರೆ ಹೋಗುತ್ತಿದ್ದ ಕಡೆ ಒಂದೇ ದಿನ ನಲವತ್ತು ಹೋದವು. ನನಗೆ ಖುಷಿ. ಮರುದಿನ ಬೆಳಿಗ್ಗೆ ನೋಡಿದರೆ ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ಪಟ್ಟಿ. ವಹಿವಾಟು ಇದ್ದಕ್ಕಿದ್ದಂತೆ ಏರಿದೆ, ಪರಿಶೀಲನೆ ಮುಗಿಯುವವರೆಗೆ ಸೆಟಲ್‌ಮೆಂಟ್, ಅಂದರೆ ನನ್ನ ಖಾತೆಗೆ ದುಡ್ಡು ಹಾಕುವುದು, ಇಲ್ಲ ಅಂತ. 2 ಲಕ್ಷ 70 ಸಾವಿರ ಸಿಕ್ಕಿಕೊಂಡಿತು. ಫೋನ್ ನಂಬರ್ ಇಲ್ಲ. ಚಾಟ್‌ನಲ್ಲಿ ಒಂದು ಯಂತ್ರ ಉತ್ತರ ಕೊಡುತ್ತಿತ್ತು. ಟಿಕೆಟ್ ಹಾಕಿದೆ, ಬಿಲ್ ಕೇಳಿದರು, ಕೊಟ್ಟೆ. ಕೊರಿಯರ್ ರಸೀದಿ ಕೇಳಿದರು, ಕೊಟ್ಟೆ. ನೇಕಾರರಿಂದ ಖರೀದಿ ಮಾಡಿದ ಬಿಲ್ ಕೇಳಿದರು. ನಮ್ಮ ಮಗ್ಗದ ಮನೆಯವರು ಹಳದಿ ಕಾಗದದಲ್ಲಿ ಬರೆದುಕೊಡುತ್ತಾರೆ, ಅದನ್ನು ಫೋಟೊ ತೆಗೆದು ಕಳಿಸಿದರೆ 'ಸ್ಪಷ್ಟವಾಗಿಲ್ಲ' ಅಂತ ವಾಪಸ್. ಹಬ್ಬದ ಹೊತ್ತಿನಲ್ಲಿ ಅವರಿಗೆ ದುಡ್ಡು ಕೊಡಬೇಕಲ್ಲ? ಬಂಗಾರ ಇಟ್ಟು ತಂದೆ. ಹನ್ನೊಂದನೇ ದಿನಕ್ಕೆ ದುಡ್ಡು ಬಂತು. ಕ್ಷಮೆ ಇಲ್ಲ, ವಿವರಣೆ ಇಲ್ಲ.

ಅದಾದ ಮೇಲೆ ನಾನು ಎರಡು ಗೇಟ್‌ವೇ ಇಟ್ಟುಕೊಂಡಿದ್ದೇನೆ. ಒಂದು ಕೆಟ್ಟರೆ ಇನ್ನೊಂದು. ಹಬ್ಬದ ಒಂದು ವಾರ ಮೊದಲೇ ಇಬ್ಬರಿಗೂ ಮೇಲ್ ಹಾಕುತ್ತೇನೆ, ಇಷ್ಟು ಬರಬಹುದು ಅಂತ. ಅದರಿಂದ ಬಹಳ ಉಪಯೋಗ ಆಗಿದೆ.

ಚಾರ್ಜ್‌ಬ್ಯಾಕ್ ಬಗ್ಗೆಯೂ ಹೇಳಿಬಿಡುತ್ತೇನೆ. ಕಾರ್ಡಿನಲ್ಲಿ ಕೊಟ್ಟ ಗಿರಾಕಿ ತಿಂಗಳುಗಟ್ಟಲೆ ಆದ ಮೇಲೂ ಬ್ಯಾಂಕಿಗೆ ತಕರಾರು ಹಾಕಬಹುದು. 8,400ರ ಒಂದು ಸೀರೆ, ಟೋಪ ತೆನಿ ಸೆರಗಿನದ್ದು, ತಲುಪಿಲ್ಲ ಅಂದರು. ತಲುಪಿತ್ತು. ಆದರೆ ಕೊರಿಯರ್ ಹುಡುಗ ವಾಚ್‌ಮನ್ ಕೈಗೆ ಕೊಟ್ಟು ಹೋಗಿದ್ದ, ಸಹಿ ಇಲ್ಲ. ಸೀರೆಯೂ ಹೋಯಿತು, ದುಡ್ಡೂ ಹೋಯಿತು. ಈಗ 3,000 ದಾಟಿದ ಪಾರ್ಸೆಲ್ ಎಲ್ಲವೂ ಒಟಿಪಿ ಡೆಲಿವರಿ.

ಕೋಡ್‌ಬಳೆ

ಎರಡು ಗೇಟ್‌ವೇ ಅನ್ನುವುದು ಒಳ್ಳೆಯ ಮಾತು. ಒಂದು ಹಳೆಯ ಸಂಗತಿ ಹೇಳುತ್ತೇನೆ. 2020ರ ಮಾರ್ಚ್‌ನಲ್ಲಿ ಆರ್‌ಬಿಐ ಪೇಮೆಂಟ್ ಅಗ್ರಿಗೇಟರ್‌ಗಳಿಗೆ, ಅಂದರೆ ಗಿರಾಕಿಯ ದುಡ್ಡು ಪಡೆದು ವ್ಯಾಪಾರಿಗೆ ಮುಟ್ಟಿಸುವ ಇಂಥ ಕಂಪನಿಗಳಿಗೆ, ನಿಯಮ ತಂದಿತು. ವ್ಯಾಪಾರಿಗಳ ದುಡ್ಡನ್ನು ಕಂಪನಿ ತನ್ನ ಖಾತೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ (ಕಂಪನಿ ತನ್ನ ಖರ್ಚಿಗೆ ಮುಟ್ಟಲಾಗದ ಪ್ರತ್ಯೇಕ ಖಾತೆ) ಇಡಬೇಕು. ಪರವಾನಗಿ ಬೇಕು. ಆ ಪರವಾನಗಿ ಪ್ರಕ್ರಿಯೆ ನಡೆಯುತ್ತಿದ್ದಾಗ, 2022ರ ಡಿಸೆಂಬರ್‌ನಲ್ಲಿ, ರೇಜರ್‌ಪೇ, ಕ್ಯಾಶ್‌ಫ್ರೀ ಥರದ ದೊಡ್ಡ ಕಂಪನಿಗಳಿಗೇ ಹೊಸ ವ್ಯಾಪಾರಿಗಳನ್ನು ಸೇರಿಸಿಕೊಳ್ಳಬೇಡಿ ಅಂತ ಹೇಳಲಾಯಿತು. ಅಂತಿಮ ಪರವಾನಗಿ ಸಿಕ್ಕು ಮತ್ತೆ ಬಾಗಿಲು ತೆರೆದದ್ದು 2023ರ ಡಿಸೆಂಬರ್‌ನಲ್ಲಿ. ಒಂದು ವರ್ಷ! ಆಗಲೇ ಸೇರಿದ್ದ ವ್ಯಾಪಾರಿಗಳಿಗೆ ತೊಂದರೆ ಆಗಲಿಲ್ಲ. ಆದರೆ ಆ ವರ್ಷ ಹೊಸ ಸೈಟ್ ಮಾಡಿಸಿದವರೆಲ್ಲ ನನ್ನ ತಲೆ ತಿಂದರು.

ಹಾಗಾಗಿ ಅಕ್ಕ, ನೀವು ಕೇಳಿದ ಆ ಮೂರು ಕಂಪನಿಗಳ ಹೆಸರು ಆರ್‌ಬಿಐ ವೆಬ್‌ಸೈಟ್‌ನಲ್ಲಿರುವ ಪರವಾನಗಿ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿ. ಇಲ್ಲದಿದ್ದರೆ ಅವರು ಇನ್ಯಾರದ್ದೋ ಸೇವೆಯನ್ನು ತಮ್ಮ ಹೆಸರಲ್ಲಿ ಮಾರುತ್ತಿರಬಹುದು. ಆಗ ತೊಂದರೆಯಾದರೆ ಮಧ್ಯದವರು ಅವರ ಕಡೆ ಕೈ ತೋರಿಸುತ್ತಾರೆ, ಅವರು ಇವರ ಕಡೆ.

ಅಂದಹಾಗೆ ರೇಜರ್‌ಪೇ, ಕ್ಯಾಶ್‌ಫ್ರೀ, ಫೋನ್‌ಪೇ, ಇನ್‌ಸ್ಟಾಮೋಜೊ, ಜಸ್‌ಪೇ ಎಲ್ಲ ಬೆಂಗಳೂರಿನವೇ. ಆದರೂ ಸಪೋರ್ಟ್‌ಗೆ ಫೋನ್ ಮಾಡಿದರೆ ಕನ್ನಡ ಸಿಗುವುದು ಲಾಟರಿ ಹೊಡೆದ ಹಾಗೆ.

ಒಗ್ಗರಣೆ_ಡಬ್ಬಿ (ಮೈಸೂರು)

ನಾನು ಕೇಕ್ ಮಾಡುತ್ತೇನೆ. ನನ್ನ ಹತ್ತಿರ ವೆಬ್‌ಸೈಟೇ ಇಲ್ಲ. ಗೇಟ್‌ವೇ ಮಾತ್ರ ಇದೆ. ಪೇಮೆಂಟ್ ಲಿಂಕ್ ಅಂತ ಇರುತ್ತದೆ ಅಕ್ಕ. ಆ್ಯಪ್‌ನಲ್ಲಿ ಗಿರಾಕಿ ಹೆಸರು, ಎಷ್ಟು ದುಡ್ಡು, ಯಾವುದಕ್ಕೆ ಅಂತ ಹಾಕಿದರೆ ಒಂದು ಲಿಂಕ್ ಬರುತ್ತದೆ. ಅದನ್ನು ವಾಟ್ಸಾಪ್ ಮಾಡಿದರೆ ಆಯಿತು. ಕೊಟ್ಟ ಕೂಡಲೇ 'ಪೇಯ್ಡ್' ಅಂತ ತೋರಿಸುತ್ತದೆ. ಸ್ಕ್ರೀನ್‌ಶಾಟ್ ಕೇಳುವ ಕೆಲಸವೇ ಇಲ್ಲ. ವೆಬ್‌ಸೈಟ್ ಶುರುವಾದ ಮೇಲೂ ಇದನ್ನು ಬಿಡಬೇಡಿ. ವಯಸ್ಸಾದವರು ವೆಬ್‌ಸೈಟ್‌ಗೆ ಹೋಗಿ ಕಾರ್ಟ್‌ಗೆ ಹಾಕಿ ವಿಳಾಸ ತುಂಬುವುದಿಲ್ಲ. ನಿಮ್ಮ ಉಪ್ಪಿನಕಾಯಿ ತಿನ್ನುವವರು ಅವರೇ ಜಾಸ್ತಿ ಅಲ್ವಾ?

ಕ್ಯಾಶ್ ಆನ್ ಡೆಲಿವರಿ ಮಾತ್ರ ಬೇಡ. ನನ್ನ ಅಣ್ಣ ಕಾಫಿಪುಡಿ ಮಾರುತ್ತಿದ್ದ. ಬಾಗಿಲಿಗೆ ಹೋದಾಗ 'ನಾನು ಆರ್ಡರ್ ಮಾಡೇ ಇಲ್ಲ' ಅನ್ನುತ್ತಾರೆ. ಹೋಗುವ ಕೊರಿಯರ್ ಖರ್ಚೂ ನಮ್ಮದು, ಬರುವುದೂ ನಮ್ಮದು.

ಏಳು_ಸಮುದ್ರ (ಟೊರಾಂಟೊ)

ಹೊರದೇಶದವರ ಕಡೆಯಿಂದ ಒಂದು ಮಾತು. ನಾನು ಇಲ್ಲಿಗೆ ಉಪ್ಪಿನಕಾಯಿ ತರಿಸುವುದಿಲ್ಲ. ಕಸ್ಟಮ್ಸ್ ಗೋಜು ಯಾರಿಗೆ ಬೇಕು. ಮೈಸೂರಿನಲ್ಲಿರುವ ಅಮ್ಮನಿಗೆ ಕಳಿಸುತ್ತೇನೆ. ಅಂದರೆ ಕಾರ್ಡು ಕೆನಡಾದ್ದು, ವಿಳಾಸ ಕುವೆಂಪುನಗರದ್ದು. ಹತ್ತರಲ್ಲಿ ಏಳು ಸೈಟ್‌ಗಳಲ್ಲಿ ನನ್ನ ಕಾರ್ಡು ನಡೆಯುವುದೇ ಇಲ್ಲ. 'ಪೇಮೆಂಟ್ ಫೇಲ್ಡ್' ಅಂತ ಬರುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಪಿನ್‌ಕೋಡ್ ಕೇಳುವ ಜಾಗದಲ್ಲಿ ಆರು ಅಂಕಿ ಬಿಟ್ಟು ಬೇರೆ ತೆಗೆದುಕೊಳ್ಳುವುದಿಲ್ಲ, ಮೊಬೈಲ್ ನಂಬರ್ ಹತ್ತೇ ಅಂಕಿ, ಅದೂ 91. ಕೊನೆಗೆ ತಮ್ಮನಿಗೆ ಹೇಳಿ ಅವನ ಹತ್ತಿರ ಕೊಡಿಸುತ್ತೇನೆ.

ಕೋಡ್‌ಬಳೆ

ಎಷ್ಟೋ ಗೇಟ್‌ವೇಗಳಲ್ಲಿ ವಿದೇಶಿ ಕಾರ್ಡು ಮೊದಲಿಗೆ ಆಫ್ ಇರುತ್ತದೆ. ಕೇಳಿ ಆನ್ ಮಾಡಿಸಬೇಕು. ಫೀ 3 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ. ಬೇರೆ ದಾರಿಗಳೂ ಹೆಚ್ಚೇನಿಲ್ಲ. ವಿದೇಶಿ ಪೇಮೆಂಟ್ ಕಂಪನಿ ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದ ಒಳಗಿನ ವಹಿವಾಟು ನಿಲ್ಲಿಸಿದೆ, ಹೊರದೇಶದಿಂದ ಬರುವ ದುಡ್ಡಿಗೆ ಮಾತ್ರ ಇದೆ. ಅಂಥದ್ದೇ ಇನ್ನೊಂದು ಕಂಪನಿ ಸ್ಟ್ರೈಪ್ 2024ರಿಂದ ಇಲ್ಲಿ ಆಹ್ವಾನ ಇದ್ದವರಿಗೆ ಮಾತ್ರ. ಯೂಟ್ಯೂಬ್‌ನಲ್ಲಿ ಅಮೆರಿಕದವರ ವಿಡಿಯೊ ನೋಡಿ 'ಸ್ಟ್ರೈಪ್ ಹಾಕಿಕೊಡಿ' ಅಂತ ಬರುವವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಸಮುದ್ರ ಅವರೇ, ನಿಮಗೆ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ (ಹೊರದೇಶದಲ್ಲಿರುವ ಭಾರತೀಯರಿಗೆ ಇಲ್ಲಿನ ಬ್ಯಾಂಕು ಕೊಡುವ ಖಾತೆ) ಇದ್ದರೆ ಕೆನಡಾ ನಂಬರ್‌ನಲ್ಲೇ ಯುಪಿಐ ಆಗಬಹುದು. 2023ರಲ್ಲಿ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಅಮೆರಿಕ, ಕೆನಡಾ, ಇಂಗ್ಲೆಂಡ್, ಸಿಂಗಪುರ ಸೇರಿ 10 ದೇಶಗಳ ನಂಬರಿಗೆ ಅವಕಾಶ ಮಾಡಿತು. ನಿಮ್ಮ ಬ್ಯಾಂಕ್ ಕೊಡುತ್ತದಾ ಕೇಳಿ ನೋಡಿ.

ಈಗ ಅಕ್ಕನ ಸೈಟ್ ವಿಷಯ. ಇದನ್ನು ಅಕ್ಕನ ಮಗನಿಗೆ ಓದಿಸಿ.

ಗಿರಾಕಿ ದುಡ್ಡು ಕೊಟ್ಟ ಮೇಲೆ ಪೇಜ್ ನಿಮ್ಮ ಸೈಟಿಗೆ ವಾಪಸ್ ಬಂದು 'ಧನ್ಯವಾದ' ಅನ್ನಬೇಕು. ನಡುವೆ ನೆಟ್‌ವರ್ಕ್ ಹೋದರೆ? ಮಲೆನಾಡಿನಲ್ಲಿ ಮಳೆಗಾಲ ಬೇರೆ. ಅಥವಾ ದುಡ್ಡು ಕಟ್ ಆದ ಮೆಸೇಜ್ ಬಂದ ಕೂಡಲೇ ಗಿರಾಕಿ ಬ್ರೌಸರ್ ಮುಚ್ಚಿಬಿಟ್ಟರೆ? ನಿಮ್ಮ ಸೈಟಿಗೆ ದುಡ್ಡು ಬಂದಿದ್ದೇ ಗೊತ್ತಾಗುವುದಿಲ್ಲ. ಆರ್ಡರ್ 'ಪೆಂಡಿಂಗ್' ಅಂತಲೇ ಕೂತಿರುತ್ತದೆ. ಗಿರಾಕಿ ಮೋಸ ಹೋದೆ ಅಂದುಕೊಂಡು ಫೇಸ್‌ಬುಕ್‌ನಲ್ಲಿ ಬರೆಯುತ್ತಾನೆ. ಇದಕ್ಕೆ ಮದ್ದು ವೆಬ್‌ಹುಕ್. ಗಿರಾಕಿಯ ಮೊಬೈಲನ್ನು ನಂಬದೆ ಗೇಟ್‌ವೇ ಸರ್ವರ್ ನೇರವಾಗಿ ನಿಮ್ಮ ಸರ್ವರಿಗೆ 'ದುಡ್ಡು ಬಂತು' ಅಂತ ಹೇಳುವುದು. ಗೇಟ್‌ವೇಯನ್ನು ಸೈಟಿಗೆ ಜೋಡಿಸುವ ಸಿದ್ಧ ಪ್ಲಗಿನ್ ಹಾಕಿದರೆ ಸಾಲದು. ಡ್ಯಾಶ್‌ಬೋರ್ಡ್‌ಗೆ ಹೋಗಿ ವೆಬ್‌ಹುಕ್ ವಿಳಾಸ, ಗುಪ್ತ ಕೀಲಿ ಎರಡನ್ನೂ ತುಂಬಬೇಕಾಗಬಹುದು. ನನ್ನ ಹತ್ತಿರ ರಿಪೇರಿಗೆ ಬರುವ ಸೈಟ್‌ಗಳಲ್ಲಿ ಅರ್ಧಕ್ಕರ್ಧ ಇದನ್ನೇ ಮರೆತಿರುತ್ತಾರೆ.

ಇನ್ನೊಂದು, ಇನ್‌ಸ್ಟಾಗ್ರಾಮ್. ಅಲ್ಲಿಂದ ಲಿಂಕ್ ಒತ್ತಿದರೆ ಸೈಟ್ ಇನ್‌ಸ್ಟಾಗ್ರಾಮ್ ಒಳಗೇ ತೆರೆಯುತ್ತದೆ. ಅಲ್ಲಿ ಯುಪಿಐ ಬಟನ್ ಒತ್ತಿದರೆ ಎಷ್ಟೋ ಸಲ ಆ್ಯಪ್ ತೆರೆಯುವುದೇ ಇಲ್ಲ. ಪೇಜ್ ಸುಮ್ನೆ ಬಿಳಿಯಾಗಿ ನಿಲ್ಲುತ್ತದೆ. ಶುರು ಮಾಡುವ ಮೊದಲು ಮನೆಯಲ್ಲಿರುವ ಎಲ್ಲರ ಫೋನ್‌ನಲ್ಲೂ, ಅತ್ತೆಯವರ ಹಳೆಯ ಫೋನ್‌ನಲ್ಲೂ, ಹತ್ತು ರೂಪಾಯಿಯ ಒಂದು ಸುಳ್ಳು ಐಟಂ ಹಾಕಿ ಕೊಂಡು ನೋಡಿ.

ಒಂದು ಮಾನ ಹೋದ ಕಥೆ. ಹೊಸದರಲ್ಲಿ ಒಂದು ಪುಸ್ತಕದಂಗಡಿಗೆ ಸೈಟ್ ಮಾಡಿಕೊಟ್ಟೆ. ಪ್ಲಗಿನ್ ಬೇಡ, ನಾನೇ ಬರೆಯುತ್ತೇನೆ ಅಂತ ಜಂಬ. 450 ರೂಪಾಯಿ ಪುಸ್ತಕಕ್ಕೆ 450 ಅಂತ ಕಳಿಸಿದೆ. ಗೇಟ್‌ವೇ ಲೆಕ್ಕ ಹಾಕುವುದು ಪೈಸೆಯಲ್ಲಿ. ಗಿರಾಕಿಯಿಂದ ಹೋಗಿದ್ದು ನಾಲ್ಕೂವರೆ ರೂಪಾಯಿ! ಹನ್ನೊಂದು ಪುಸ್ತಕ ಹೋದ ಮೇಲೆ ಅಂಗಡಿಯವರು ಫೋನ್ ಮಾಡಿ 'ಏನಪ್ಪಾ, ವ್ಯಾಪಾರ ಚೆನ್ನಾಗಿದೆ, ದುಡ್ಡು ಮಾತ್ರ ಕಾಣುತ್ತಿಲ್ಲ' ಅಂದರು. ಹನ್ನೊಂದು ಜನಕ್ಕೂ ನಾನೇ ಫೋನ್ ಮಾಡಿದೆ. ಒಂಬತ್ತು ಜನ ಬಾಕಿ ದುಡ್ಡು ಹಾಕಿದರು. ಇಬ್ಬರದ್ದು ನನ್ನ ಜೇಬಿನಿಂದ.

ಮಿಡಿ_ಭರಣಿ

ಕಥೆ ಓದಿ ಅತ್ತೆಗೆ ಹೇಳಿದೆ, ಬಿದ್ದು ಬಿದ್ದು ನಕ್ಕರು. ಒಂದು ಅನುಮಾನ. ಗಿರಾಕಿ ಖಾತೆಯಿಂದ ದುಡ್ಡು ಕಟ್ ಆಗಿ, ನಮಗೂ ಬರದೇ ಮಧ್ಯದಲ್ಲೇ ನಿಂತರೆ ಯಾರು ಕೊಡಬೇಕು? ಅವರು ನಮ್ಮನ್ನೇ ಬೈಯುತ್ತಾರಲ್ಲ.

ಜಮಾಖರ್ಚು

ಅದಕ್ಕೆ 2019ರ ಸೆಪ್ಟೆಂಬರ್‌ನಲ್ಲೇ ಆರ್‌ಬಿಐ ನಿಯಮ ಮಾಡಿದೆ. ವ್ಯಾಪಾರಿಗೆ ಕೊಡುವ ಯುಪಿಐ ಮಧ್ಯದಲ್ಲಿ ನಿಂತರೆ, ವಹಿವಾಟಿನ ದಿನ ಬಿಟ್ಟು 5 ದಿನದ ಒಳಗೆ ತಾನಾಗೇ ವಾಪಸ್ ಹೋಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಗಿರಾಕಿಗೆ ಪರಿಹಾರ. ನೀವು ಮಾಡಬೇಕಾದ್ದು ಇಷ್ಟೇ. ಡ್ಯಾಶ್‌ಬೋರ್ಡ್ ನೋಡಿ, ಬಂದಿಲ್ಲ ಅಂತ ಖಚಿತ ಮಾಡಿಕೊಂಡು, ಗಿರಾಕಿಗೆ ಈ ನಿಯಮ ಹೇಳಿ. ಗಡಿಬಿಡಿಯಲ್ಲಿ ನಿಮ್ಮ ಕೈಯಿಂದ ವಾಪಸ್ ಹಾಕಬೇಡಿ. ಬ್ಯಾಂಕಿನಿಂದಲೂ ವಾಪಸ್ ಹೋಗಿ ಎರಡು ಸಲ ಕೊಟ್ಟ ಹಾಗೆ ಆಗುತ್ತದೆ. ನಮ್ಮ ಹತ್ತಿರ ಲೆಕ್ಕ ಬರೆಸುವ ಒಬ್ಬ ವ್ಯಾಪಾರಿ ಹಾಗೆ ಮಾಡಿ 6,000 ಕಳೆದುಕೊಂಡ.

ಇಳಕಲ್_ಸೆರಗು

ಸೆಟಲ್‌ಮೆಂಟ್ ಎಷ್ಟು ದಿನಕ್ಕೆ ಅಂತಲೂ ಕೇಳಿಕೊಳ್ಳಿ. ಹೆಚ್ಚಿನವರದ್ದು ಎರಡು ಕೆಲಸದ ದಿನ. ಶುಕ್ರವಾರದ ದುಡ್ಡು ಮಂಗಳವಾರ ಬರುತ್ತದೆ, ನಡುವೆ ಬ್ಯಾಂಕ್ ರಜೆ ಬಂದರೆ ಬುಧವಾರ. ಕೂಡಲೇ ಬೇಕು ಅಂದರೆ ಅದಕ್ಕೆ ಬೇರೆ ಫೀ. ಮಿಡಿ ಸೀಸನ್‌ನಲ್ಲಿ ಕೊಯ್ದವರಿಗೆ ಕೈಯಲ್ಲೇ ದುಡ್ಡು ಕೊಡಬೇಕಾಗುತ್ತದಲ್ಲ ನಿಮಗೆ? ಆ ನಾಲ್ಕು ದಿನಕ್ಕೆ ದುಡ್ಡು ಕೈಯಲ್ಲಿ ಇಟ್ಟುಕೊಂಡಿರಿ.

ಮಿಡಿ_ಭರಣಿ (ಐದು ವಾರದ ನಂತರ)

ಏನಾಯಿತು ಅಂತ ಹೇಳಲಿಕ್ಕೆ ಬಂದೆ.

ಮೊದಲು ಆಡಿಟರ್ ಹತ್ತಿರ ಹೋದೆ. ಜಿಎಸ್‌ಟಿ ನಂಬರ್ ಬಂತು, ಕರೆಂಟ್ ಅಕೌಂಟ್ ಆಯಿತು. ಆಮೇಲೆ ಮೂವರಿಗೂ ಒಂದೇ ಮೇಲ್ ಹಾಕಿದೆ, ಜಮಾಖರ್ಚು ಸರ್ ಬರೆದ ಪ್ರಶ್ನೆಗಳನ್ನೇ ಇಂಗ್ಲಿಷ್ ಮಾಡಿಸಿ. 1.75ರವರು ಉತ್ತರವೇ ಕೊಡಲಿಲ್ಲ, ದಿನಾ ಫೋನ್ ಮಾತ್ರ ಮಾಡಿದರು. 'ಎಲ್ಲದಕ್ಕೂ 2' ಅಂದವರು ಯುಪಿಐಗೆ ಸ್ವಲ್ಪ ಇಳಿಸುತ್ತೇವೆ ಅಂದರು. ಯುಪಿಐಗೆ ಫೀ ಇಲ್ಲ ಅಂದವರು ಬರೆದೇ ಕೊಟ್ಟರು. ಆರ್‌ಬಿಐ ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ಅವರನ್ನೇ ಹಿಡಿದೆ. ಇನ್ನೊಬ್ಬರದ್ದು ಪೇಮೆಂಟ್ ಲಿಂಕ್‌ಗೆ ಮಾತ್ರ ಇಟ್ಟುಕೊಂಡಿದ್ದೇನೆ, ಎರಡನೆಯದು ಇರಲಿ ಅಂತ.

ಕೆವೈಸಿ ಎರಡು ಸಲ ವಾಪಸ್ ಬಂತು. ಮೊದಲ ಸಲ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ಪರವಾನಗಿ) ನಂಬರ್ ಸೈಟ್‌ನಲ್ಲಿ ಕಾಣುತ್ತಿಲ್ಲ ಅಂತ. ಎರಡನೇ ಸಲ ರಿಟರ್ನ್ ಪಾಲಿಸಿ ಪೇಜ್ ಇಲ್ಲ ಅಂತ. ತೆರೆದ ಉಪ್ಪಿನಕಾಯಿ ವಾಪಸ್ ತೆಗೆದುಕೊಂಡು ನಾನೇನು ಮಾಡಲಿ? ಕೊನೆಗೆ 'ಬಾಟಲಿ ಒಡೆದಿದ್ದರೆ ಅಥವಾ ಎಣ್ಣೆ ಸೋರಿದ್ದರೆ 48 ಗಂಟೆಯೊಳಗೆ ಫೋಟೊ ಕಳಿಸಿ, ಬೇರೆ ಕಳಿಸುತ್ತೇವೆ ಅಥವಾ ದುಡ್ಡು ಕೊಡುತ್ತೇವೆ, ರುಚಿ ಹಿಡಿಸಲಿಲ್ಲ ಅಂದರೆ ವಾಪಸ್ ಇಲ್ಲ' ಅಂತ ಬರೆದೆ. ಪಾಸಾಯಿತು.

ಮೊದಲನೇ ಆರ್ಡರ್ ರಾತ್ರಿ 11:20ಕ್ಕೆ, ಪುಣೆಯಿಂದ. ಅಕ್ಕನ ಮಗನದ್ದು ಇರಬೇಕು ಅಂದುಕೊಂಡೆ. ಅಲ್ಲ, ಯಾರೋ ಗೊತ್ತಿಲ್ಲದವರು. 740 ರೂಪಾಯಿ, ಕ್ರೆಡಿಟ್ ಕಾರ್ಡು. ಮೂರನೇ ದಿನ ಖಾತೆಗೆ 722 ರೂಪಾಯಿ 54 ಪೈಸೆ ಬಂತು. ಕೂತು ಲೆಕ್ಕ ಹಾಕಿದೆ. ಫೀ 14.80, ಅದರ ಜಿಎಸ್‌ಟಿ 2.66. ಸರಿಯಾಗಿದೆ.

ಈಗ ಹತ್ತರಲ್ಲಿ ಆರು ಜನ ಸೈಟ್‌ನಲ್ಲಿ, ಮೂರು ಜನ ಲಿಂಕ್‌ನಲ್ಲಿ. ಇನ್ನೊಬ್ಬರು ಮೈಸೂರಿನ ಒಬ್ಬರು ದೊಡ್ಡಮ್ಮ, ಅವರು ಮನಿಯಾರ್ಡರ್ ಮಾಡುತ್ತೇನೆ ಅನ್ನುತ್ತಾರೆ. ಅವರಿಗೆ ಮೊದಲು ಬಾಟಲಿ ಕಳಿಸುತ್ತೇನೆ, ಮಗ ಊರಿಗೆ ಬಂದಾಗ ದುಡ್ಡು ಬರುತ್ತದೆ. ನೋಟ್‌ಬುಕ್‌ನಲ್ಲಿ ಈಗ ಅವರೊಬ್ಬರದ್ದೇ ಲೆಕ್ಕ.

ಚೌಕಾಸಿ_ಚಿಕ್ಕಪ್ಪ

ಲಿಂಕ್ ಕೊಡಿ, ನಾನೂ ಎರಡು ಬಾಟಲಿ ತರಿಸುತ್ತೇನೆ. ಡಿಸ್ಕೌಂಟ್ ಎಷ್ಟು?

ಮಿಡಿ_ಭರಣಿ

ಮೆಸೇಜ್ ಮಾಡಿದ್ದೇನೆ ನೋಡಿ. ಡಿಸ್ಕೌಂಟ್ ಇಲ್ಲ, ಹಪ್ಪಳ ಒಂದು ಕಟ್ಟು ಸುಮ್ನೆ ಹಾಕುತ್ತೇನೆ.

ಚೌಕಾಸಿ_ಚಿಕ್ಕಪ್ಪ

ದುಡ್ಡು ಕಟ್ ಆಗಿದೆ, ಪೇಜ್ ಮಾತ್ರ ಹತ್ತು ನಿಮಿಷದಿಂದ ಸುತ್ತುತ್ತಾನೇ ಇದೆ. ನಾನು ಆಗಲೇ ಹೇಳಲಿಲ್ಲವಾ, ಕ್ಯೂಆರೇ ಸರಿ ಅಂತ!

ಮಿಡಿ_ಭರಣಿ

ನಿಮ್ಮ ಆರ್ಡರ್ 9:14ಕ್ಕೇ ನನಗೆ ಬಂದಾಯಿತು ಚಿಕ್ಕಪ್ಪ. ಎರಡು ಬಾಟಲಿ, ದಾವಣಗೆರೆ ವಿಳಾಸ. ಪೇಜ್ ಮುಚ್ಚಿ. ನಾಳೆ ಬೆಳಿಗ್ಗೆ ಕೊರಿಯರ್‌ಗೆ ಹಾಕುತ್ತೇನೆ.